ಉತ್ಸಾಹವು ಕಾರ್ಯದ ಫಲ

ಭರತನ ನಾಟ್ಯಶಾಸ್ತ್ರವು 33 ವ್ಯಭಿಚಾರಿಭಾವಗಳನ್ನು ಎಣಿಸುವಾಗ ಮೊದಲ ಸ್ಥಾನವನ್ನು ನಿರ್ವೇದಕ್ಕೆ ಕೊಡುತ್ತದೆ. ಗ್ಲಾನಿ, ಆಲಸ್ಯ, ದೈನ್ಯ, ಚಿಂತೆ, ಜಡತೆ, ವಿಷಾದಗಳೂ ಅದೇ ಪಟ್ಟಿಯಲ್ಲಿವೆ. ಇವೆಲ್ಲವೂ ಬಂದು ಹೋಗುವ ಭಾವಗಳು. ಉತ್ಸಾಹವಾದರೋ 8 ಸ್ಥಾಯಿಭಾವಗಳಲ್ಲಿ ಒಂದು. ವೀರರಸಕ್ಕೆ ಅದೇ ಮೂಲ. ಸಾಹಿತ್ಯದ ವಿದ್ಯಾರ್ಥಿಗಳು ಈ ವಿಂಗಡಣೆಯನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುತ್ತಾರೆ. ಸ್ವಂತ ಬದುಕಿನ ಮಾತು ಬಂದಾಗ ಮಾತ್ರ ಅದನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ. ಬೇಸರವೇ ಸ್ಥಾಯಿ, ಉತ್ಸಾಹವು ಎಂದೋ ಒಮ್ಮೆ ಬರುವ ಅತಿಥಿ ಎಂದು ನಂಬಿ, ಆ ಅತಿಥಿಯ ದಾರಿ ಕಾಯುತ್ತ ಕೂರುತ್ತಾರೆ.

ಸಂಶೋಧನೆಯ ವರ್ಷಗಳಲ್ಲಿ ಈ ಕಾಯುವಿಕೆಗೆ ಒಂದು ಪರಿಚಿತ ರೂಪವಿದೆ. ಮೊದಲ ವರ್ಷದಲ್ಲಿ ಆಕರಗಳ ಸಂಗ್ರಹ ಹುರುಪಿನಿಂದ ನಡೆಯುತ್ತದೆ. ಮೂರನೆಯ ವರ್ಷದ ಹೊತ್ತಿಗೆ ಟಿಪ್ಪಣಿಗಳ ಕಟ್ಟನ್ನು ಬಿಚ್ಚಲೂ ಮನಸ್ಸಾಗುವುದಿಲ್ಲ. ಆಗ ಸಂಶೋಧಕನು ಮೊದಲು ತ್ಯಜಿಸುವುದು ಪ್ರಬಂಧವನ್ನಲ್ಲ. ಬೆಳಗಿನ ನಡಿಗೆಯನ್ನು, ಗೆಳೆಯರೊಡನೆ ಕುಡಿಯುವ ಚಹಾವನ್ನು, ಊರಿಗೆ ಹೋಗಿಬರುವುದನ್ನು. 'ಮೊದಲು ಬರವಣಿಗೆ ಮುಗಿಯಲಿ' ಎಂಬುದು ಅದಕ್ಕೆ ಕೊಡುವ ಕಾರಣ. ಹೀಗೆ ಉಳಿಸಿದ ಸಮಯದಲ್ಲಿ ಬರವಣಿಗೆಯೂ ಸಾಗುವುದಿಲ್ಲ. ಮನಸ್ಸಿಗೆ ಬಲ ಕೊಡುತ್ತಿದ್ದ ಒಂದೊಂದೇ ಆಸರೆ ಕಳಚಿದಂತೆ ಬೇಸರ ಗಟ್ಟಿಯಾಗುತ್ತದೆ. ಬೇಸರ ಗಟ್ಟಿಯಾದಂತೆ ಇನ್ನೊಂದು ಆಸರೆ ಕಳಚುತ್ತದೆ. ಸುತ್ತಲಿನವರು ಅದನ್ನು ಸೋಮಾರಿತನವೆನ್ನುತ್ತಾರೆ. ಕಾಲಕ್ರಮೇಣ ಸಂಶೋಧಕನೂ ಅದನ್ನೇ ನಂಬುತ್ತಾನೆ.

ರಸಸೂತ್ರವು ಹುಟ್ಟಿದ್ದು ರಂಗಭೂಮಿಗಾಗಿ, ಮನೋವೈದ್ಯಕ್ಕಾಗಿ ಅಲ್ಲ. ಆದರೂ ಅದರ ಒಂದು ತಿಳಿವು ಇಲ್ಲಿ ಉಪಯುಕ್ತ. ಸ್ಥಾಯಿಭಾವವು ತಾನೇ ತಾನಾಗಿ ರಸವಾಗುವುದಿಲ್ಲ. ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗ ಬೇಕು. ಉತ್ಸಾಹವು ಸ್ಥಾಯಿಯೆಂದರೆ ಸದಾ ಎದ್ದು ಕಾಣುತ್ತದೆಂದಲ್ಲ. ಕಾರಣಗಳು ಕೂಡಿದಾಗ ಪ್ರಕಟವಾಗಬಲ್ಲದು ಎಂದು. ಅಂತಹ ಕಾರಣಗಳನ್ನು ಪ್ರತಿದಿನ ಒದಗಿಸುವುದೇ ದಿನಚರಿಯ ಕೆಲಸ.

ಆಧುನಿಕ ಮನೋವಿಜ್ಞಾನವೂ ತನ್ನದೇ ದಾರಿಯಲ್ಲಿ ಇದಕ್ಕೆ ಸಮೀಪ ಬಂದಿದೆ. ಖಿನ್ನತೆಗೆ ನೀಡುವ 'ಬಿಹೇವಿಯರಲ್ ಆ್ಯಕ್ಟಿವೇಷನ್' ಎಂಬ ಚಿಕಿತ್ಸಾಕ್ರಮವು ಮನಸ್ಸು ಸರಿಹೋಗುವವರೆಗೆ ಕಾಯುವುದಿಲ್ಲ. ರೋಗಿಯು ಕೈಬಿಟ್ಟ, ಅವನಿಗೆ ಅರ್ಥಪೂರ್ಣವೆನಿಸುವ ಚಟುವಟಿಕೆಗಳನ್ನು ಸಣ್ಣ ಪ್ರಮಾಣದಲ್ಲಿ, ನಿಗದಿತ ಹೊತ್ತಿನಲ್ಲಿ ಮತ್ತೆ ಆರಂಭಿಸುವಂತೆ ಮಾಡುತ್ತದೆ. 1996ರಲ್ಲಿ ಅಮೆರಿಕದ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಆಲೋಚನೆಗಳನ್ನು ತಿದ್ದುವ ಪೂರ್ಣ ಚಿಕಿತ್ಸೆಯಷ್ಟೇ ಫಲವನ್ನು ಈ ಕ್ರಿಯಾಭಾಗವೊಂದೇ ಕೊಟ್ಟಿತು. ನೆರೆಯ ಗೋವಾದ ಪ್ರಾಥಮಿಕ ಆರೋಗ್ಯಕೇಂದ್ರಗಳಲ್ಲಿ ಇದೇ ತತ್ತ್ವದ ಮೇಲೆ ನಡೆದ ಪ್ರಯೋಗವೊಂದರಲ್ಲಿ 495 ಜನ ಪಾಲ್ಗೊಂಡಿದ್ದರು. ಸಲಹೆ ನೀಡಿದವರು ತರಬೇತಿ ಪಡೆದ ಸಾಮಾನ್ಯ ಜನ, ಮನೋವೈದ್ಯರಲ್ಲ. ಆದರೂ ಖಿನ್ನತೆ ಗಮನಾರ್ಹವಾಗಿ ತಗ್ಗಿತು. 'ಲ್ಯಾನ್ಸೆಟ್' ಪತ್ರಿಕೆಯ 2017ರ ಸಂಪುಟದಲ್ಲಿ ಅದರ ವರದಿಯಿದೆ.

ಹಾಗೆಂದು ಯಾವುದಾದರೊಂದು ಕೆಲಸದಲ್ಲಿ ಮುಳುಗಿದರೆ ಸಾಲದು. ಹದಿನಾಲ್ಕು ಗಂಟೆ ಒಂದೇ ಮೇಜಿಗೆ ಅಂಟಿಕೊಂಡವನೂ ಬಳಲುತ್ತಾನೆ. ಇಲ್ಲಿ ಬೇಕಾದದ್ದು ಸಮತೋಲ. ಜೈನ ಶ್ರಾವಕಾಚಾರದಲ್ಲಿ ಗೃಹಸ್ಥನಿಗೆ ದಿನದಿನವೂ ವಿಧಿಸಿರುವ ಷಟ್ಕರ್ಮಗಳನ್ನು ಈ ದೃಷ್ಟಿಯಿಂದ ನೋಡಬಹುದು: ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ. ಇವುಗಳ ಉದ್ದೇಶ ಆತ್ಮಶುದ್ಧಿ, ಮನೋಲ್ಲಾಸವಲ್ಲ. ಆದರೆ ರಚನೆಯನ್ನು ಗಮನಿಸಿದರೆ, ಇವುಗಳಲ್ಲಿ ಅಧ್ಯಯನ ಆರರಲ್ಲೊಂದು ಪಾಲು ಮಾತ್ರ. ಉಳಿದವು ಕೃತಜ್ಞತೆಯನ್ನು, ಹಿರಿಯರ ಸಂಗವನ್ನು, ದೇಹದ ನಿಗ್ರಹವನ್ನು, ಇತರರಿಗೆ ಕೊಡುವುದನ್ನು ದಿನದೊಳಗೆ ತರುತ್ತವೆ. ವಿದ್ವತ್ತನ್ನು ಗೌರವಿಸಿದ ಪರಂಪರೆಯೇ ವಿದ್ವತ್ತಿಗೆ ಇಡೀ ದಿನವನ್ನು ಒಪ್ಪಿಸಲಿಲ್ಲ.

ಆ ಒಂದು ಪಾಲಿನೊಳಗೂ ವೈವಿಧ್ಯವಿದೆ. ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂದು ಐದಾಗಿ ವಿಂಗಡಿಸುತ್ತದೆ: ಓದುವುದು, ಕೇಳಿ ಸಂಶಯ ಪರಿಹರಿಸಿಕೊಳ್ಳುವುದು, ಮನನ ಮಾಡುವುದು, ಶುದ್ಧವಾಗಿ ಆವರ್ತಿಸುವುದು, ಇತರರಿಗೆ ತಿಳಿಸುವುದು. ಇಂದಿನ ಸಂಶೋಧಕನು ಮೊದಲನೆಯದನ್ನೂ ಮೂರನೆಯದನ್ನೂ ಉಳಿಸಿಕೊಂಡು ಉಳಿದವನ್ನು ಮರೆತಿದ್ದಾನೆ. ಅವನು ಒಬ್ಬನೇ ಓದುತ್ತಾನೆ, ಒಬ್ಬನೇ ಯೋಚಿಸುತ್ತಾನೆ. ಕೇಳುವುದೂ ಕಲಿಸುವುದೂ ಇನ್ನೊಬ್ಬರ ಸನ್ನಿಧಿಯನ್ನು ಬೇಡುತ್ತವೆ. ಬರೆಯಲಾಗದ ದಿನ ಓಲೆಗರಿಯ ಹತ್ತು ಸಾಲುಗಳ ಪ್ರತಿ ಮಾಡಬಹುದು; ಅದೂ ಆಗದಿದ್ದರೆ ಒಂದು ಹಳಗನ್ನಡ ಪದ್ಯವನ್ನು ಕಿರಿಯ ವಿದ್ಯಾರ್ಥಿಗೆ ಬಿಡಿಸಿ ಹೇಳಬಹುದು. ಅದು ಕಾಲಹರಣವಲ್ಲ, ಅಧ್ಯಯನದ ಇನ್ನೊಂದು ಮುಖ.

ಸಾಹಿತ್ಯವಲಯದಿಂದ ಇದಕ್ಕೊಂದು ಆಕ್ಷೇಪ ಬರಬಹುದು. ಮಮ್ಮಟನು ನಿರ್ವೇದವನ್ನೇ ಶಾಂತರಸದ ಸ್ಥಾಯಿಯೆಂದು ಹೇಳಿದ್ದಾನಲ್ಲವೇ? ಖಿನ್ನತೆಯಿಂದಲೇ ಅಲ್ಲವೇ ಒಳನೋಟ ಹುಟ್ಟುವುದು? ಈ ವಾದ ಆಕರ್ಷಕವಾದರೂ ಅಪಾಯಕಾರಿ. ತತ್ತ್ವಜ್ಞಾನದಿಂದ ಹುಟ್ಟುವ ನಿರ್ವೇದವನ್ನೂ ಇಷ್ಟನಷ್ಟ, ದಾರಿದ್ರ್ಯಗಳಿಂದ ಹುಟ್ಟುವ ನಿರ್ವೇದವನ್ನೂ ಆಲಂಕಾರಿಕರು ಬೇರೆಬೇರೆಯಾಗಿಯೇ ಕಂಡರು. ಮೊದಲನೆಯದು ಬಿಡುಗಡೆಯ ಬಾಗಿಲು, ಎರಡನೆಯದು ಬಳಲಿಕೆ. ನಿಂತುಹೋದ ಪ್ರಬಂಧದ ಮುಂದೆ ಕುಳಿತವನ ಬಳಲಿಕೆಗೆ ವೈರಾಗ್ಯದ ಹೆಸರಿಡುವುದರಿಂದ ವೈರಾಗ್ಯಕ್ಕೂ ಗೌರವವಿಲ್ಲ, ಬಳಲಿದವನಿಗೂ ನೆರವಿಲ್ಲ.

ದಿನಚರಿಗೂ ಮಿತಿಯಿದೆ. ನಿದ್ರೆ, ಆಹಾರಗಳು ವಾರಗಟ್ಟಲೆ ಕೆಟ್ಟು, ಬದುಕೇ ಬೇಡವೆನಿಸತೊಡಗಿದರೆ ತಡಮಾಡದೆ ವೈದ್ಯರ ನೆರವು ಪಡೆಯಬೇಕು; ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಮಾರ್ಗದರ್ಶಕರಿಗೂ ಇಲ್ಲಿ ಹೊಣೆಯಿದೆ. 'ಎಷ್ಟು ಅಧ್ಯಾಯ ಮುಗಿಯಿತು?' ಎಂಬ ಪ್ರಶ್ನೆಗೆ ಮುನ್ನ 'ದಿನ ಹೇಗೆ ಕಳೆಯುತ್ತಿದೆ?' ಎಂದು ಕೇಳುವ ಗುರುವು ಪ್ರಬಂಧವನ್ನೂ ವಿದ್ಯಾರ್ಥಿಯನ್ನೂ ಒಟ್ಟಿಗೆ ಉಳಿಸಬಲ್ಲನು.

ಓಲೆಗರಿಯ ಮೇಲೆ ಕಂಟ ಹಿಡಿದು ಕುಳಿತ ಲಿಪಿಕಾರನ ಮುಂದೆ ಪ್ರತಿದಿನ ಇದ್ದದ್ದು ಇಡೀ ಗ್ರಂಥವಲ್ಲ, ಒಂದು ಗರಿ. ಆ ಗರಿ ತುಂಬಿದ ಮೇಲೆ ಅವನಿಗೆ ಊಟವಿತ್ತು, ಮನೆಯಿತ್ತು, ಮಾತಿತ್ತು. ಮರುದಿನ ಮತ್ತೊಂದು ಗರಿ. ಹಾಗೆ ತುಂಬಿದ ಗರಿಗಳೇ ಇಂದು ಸಂಶೋಧಕರ ಆಕರಗಳಾಗಿವೆ.