ನೋಟಿನ ಮೇಲೆ ದುಡಿಯುವವನ ಮುಖವೆಲ್ಲಿ?

ಗಿರಣಿ ಕಾರ್ಮಿಕನ ಜೇಬಿನಿಂದ ಹೊರಟ ನೋಟು ಸಂಜೆಗೆ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಸೇರುತ್ತದೆ. ಅದರ ಬೆಲೆಯನ್ನು ಎಲ್ಲರೂ ನೋಡುತ್ತೇವೆ. ಅದರ ಮೇಲಿನ ಚಿತ್ರವನ್ನು ನೋಡುವವರು ಕಡಿಮೆ. ಆದರೆ ದೇಶವೆಂದರೆ ಏನು, ಯಾರು ಎಂದು ಆಳುವವರು ಹೇಳುವ ಮಾತು ಆ ಚಿತ್ರದಲ್ಲಿದೆ.

ಬ್ರಿಟಿಷರ ಕಾಲದಲ್ಲಿ ಆ ಮಾತು ಸ್ಪಷ್ಟವಾಗಿತ್ತು. ದೇಶವೆಂದರೆ ದೊರೆಯ ಮುಖ! 1949ರಲ್ಲಿ ಸ್ವತಂತ್ರ ಭಾರತದ ಒಂದು ರೂಪಾಯಿ ನೋಟಿನಿಂದ ಆರನೆಯ ಜಾರ್ಜ್ ಇಳಿದ. ಸಾರನಾಥದ ಸಿಂಹಗಳು ಬಂದವು. ಮುಂದೆ ನೂರರ ಮೇಲೆ ಹಿರಾಕುಡ್ ಅಣೆಕಟ್ಟು, ಐದರ ಮೇಲೆ ಟ್ರಾಕ್ಟರ್ ಹೂಡಿದ ರೈತ ಕಾಣಿಸಿಕೊಂಡರು. 2000ದಲ್ಲಿ ಹೊರಟ ಸಾವಿರ ರೂಪಾಯಿ ನೋಟಿನ ಹಿಂಬದಿಯಲ್ಲಿ ಕಾರ್ಖಾನೆಯ ಕಾರ್ಮಿಕನಿಗೂ ಜಾಗ ಸಿಕ್ಕಿತು. ತನ್ನದೇ ಚಿತ್ರವಿದ್ದ ಆ ನೋಟನ್ನು ಎಷ್ಟು ಮಂದಿ ಕಾರ್ಮಿಕರು ಕೈಯಲ್ಲಿ ಹಿಡಿದರೊ! 2016ರ ನವೆಂಬರ್ 8ರ ರಾತ್ರಿ ಅದೂ ರದ್ದಾಯಿತು.

ಅನಂತರ ಬಂದ, ಇಂದು ಚಲಾವಣೆಯಲ್ಲಿರುವ ಹೊಸ ನೋಟುಗಳನ್ನು ತಿರುವಿ ನೋಡಿ. ಹತ್ತರ ಮೇಲೆ ಕೋನಾರ್ಕ, ಇಪ್ಪತ್ತರ ಮೇಲೆ ಎಲ್ಲೋರ, ಐವತ್ತರ ಮೇಲೆ ಹಂಪೆಯ ಕಲ್ಲಿನ ರಥ, ನೂರರ ಮೇಲೆ ಗುಜರಾತಿನ ರಾಣಿಯ ಬಾವಿ, ಇನ್ನೂರರ ಮೇಲೆ ಸಾಂಚಿ, ಐನೂರರ ಮೇಲೆ ಕೆಂಪುಕೋಟೆ. ಬೌದ್ಧರ ಸ್ತೂಪ, ಮೊಗಲರ ಕೋಟೆ, ವಿಜಯನಗರದ ರಥ ಒಂದೇ ಸಾಲಿನಲ್ಲಿ ನಿಂತಿರುವುದು ಸಂತೋಷದ ಸಂಗತಿಯೇ. ಆದರೆ ಗಾಂಧೀಜಿಯನ್ನು ಬಿಟ್ಟರೆ ಅಲ್ಲಿ ಒಬ್ಬ ಮನುಷ್ಯನಿಲ್ಲ! ಹಂಪೆಯ ಕಲ್ಲು ತಾನಾಗಿ ರಥವಾಯಿತೆ? ಅದನ್ನು ಕಡಿದ ಕೈ ಯಾರದು?

ಇನ್ನು ಭಾಷೆಯ ವಿಚಾರ. ನೋಟಿನ ಮುಖದಲ್ಲಿ ಹಿಂದಿ ಮತ್ತು ಇಂಗ್ಲಿಷ್ ದಪ್ಪ ಅಕ್ಷರಗಳಲ್ಲಿ ಮೆರೆಯುತ್ತವೆ. ಕನ್ನಡವೂ ಸೇರಿ ಉಳಿದ 15 ಭಾಷೆಗಳು ಹಿಂಬದಿಯ ಪಟ್ಟಿಯೊಂದರಲ್ಲಿ ಇರುವೆಯ ಸಾಲಿನಂತೆ ನಿಂತಿವೆ. ಆ ಸಾಲಾದರೂ ಯಾವ ಕ್ರಮದ್ದು? ಅಸ್ಸಾಮಿಯಿಂದ ಉರ್ದುವಿನವರೆಗೆ ಇಂಗ್ಲಿಷಿನ ಅಕ್ಷರಮಾಲೆಯ ಕ್ರಮ! ಸಂವಿಧಾನದ ಎಂಟನೆಯ ಅನುಸೂಚಿ 1950ರಲ್ಲಿ 14 ಭಾಷೆಗಳಿಂದ ಹೊರಟು ಈಗ 22ಕ್ಕೆ ಬೆಳೆದಿದೆ. ಆದರೂ ಸಿಂಧಿ, ಮಣಿಪುರಿ, ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿಗಳಿಗೆ ನೋಟಿನಲ್ಲಿ ಜಾಗವಿಲ್ಲ. 1992ರ ಒಂದೇ ತಿದ್ದುಪಡಿಯಲ್ಲಿ ಕೊಂಕಣಿ, ನೇಪಾಳಿ, ಮಣಿಪುರಿ ಮೂರೂ ಅನುಸೂಚಿ ಸೇರಿದವು. ಮೊದಲಿನ ಎರಡು ನೋಟಿಗೆ ಬಂದವು, ಮಣಿಪುರಿ ಹೊರಗೆ ಉಳಿಯಿತು. ನಮ್ಮ ತುಳು, ಕೊಡವ ಭಾಷೆಗಳಂತೂ ಅನುಸೂಚಿಯ ಹೊಸ್ತಿಲನ್ನೇ ದಾಟಿಲ್ಲ.

ಇಷ್ಟೆಲ್ಲ ಭಾಷೆಗಳನ್ನು ಎತ್ತಿ ಹಿಡಿದರೆ ದೇಶ ಒಡೆದೀತೆಂಬ ಭಯ ಕೆಲವರಿಗೆ. 1956ರಲ್ಲಿ ಭಾಷಾವಾರು ಪ್ರಾಂತ್ಯಗಳಾದಾಗಲೂ ಇದೇ ಭಯ ಹುಟ್ಟಿಸಿದ್ದರು. ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದಾದರು. ದೇಶ ಒಡೆಯಿತೆ? ಇಲ್ಲ, ಗಟ್ಟಿಯಾಯಿತು.

ನೋಟಿನ ಚಿತ್ರದಿಂದ ಹೊಟ್ಟೆ ತುಂಬುತ್ತದೆಯೆ ಎಂದು ಕೇಳುವ ಮಿತ್ರರುಂಟು. ತುಂಬುವುದಿಲ್ಲ, ನಿಜ. ಕೂಲಿಯ ಹೋರಾಟವೇ ಮೊದಲು. ಆದರೆ ದೇಶದ ಚಿತ್ರದಲ್ಲಿ ಯಾರು ಕಾಣುವುದಿಲ್ಲವೊ ದೇಶದ ಲೆಕ್ಕದಲ್ಲಿಯೂ ಅವರನ್ನು ಮರೆಯುವುದು ಸುಲಭ. ಮಗ್ಗದವನನ್ನು, ಗಣಿಯವನನ್ನು, ಬೀದಿ ಗುಡಿಸುವವಳನ್ನು, ತಕ್ಕಡಿ ಹಿಡಿದ ಸಣ್ಣ ವರ್ತಕನನ್ನು ಬಿಟ್ಟು ಬರೆದ ಭಾರತ ಯಾರ ಭಾರತ?

ನೋಟಿನ ರೂಪವನ್ನು ರಿಸರ್ವ್ ಬ್ಯಾಂಕ್ ಶಿಫಾರಸು ಮಾಡುತ್ತದೆ, ಕೇಂದ್ರ ಸರ್ಕಾರ ಒಪ್ಪುತ್ತದೆ. ಆದ್ದರಿಂದ ನಮ್ಮ ಬೇಡಿಕೆ ನೇರವಾಗಿ ಅವರಿಗೇ. ಅನುಸೂಚಿಯ ಎಲ್ಲ ಭಾಷೆಗಳಿಗೂ ನೋಟಿನಲ್ಲಿ ಜಾಗ ಕೊಡಿ. ಹದಿನೈದು ಸಾಲು ಹಿಡಿಸಿದ ಪಟ್ಟಿಗೆ ಇಪ್ಪತ್ತೊಂದು ಭಾರವಲ್ಲ. ಇತಿಹಾಸದ ಕಲ್ಲುಗಳ ಪಕ್ಕದಲ್ಲಿ ಇಂದು ದುಡಿಯುವವನಿಗೂ ಒಂದು ಸ್ಥಾನವಿರಲಿ. ಮೈಸೂರಿನ ಮುದ್ರಣಾಲಯದಲ್ಲಿ ಆ ನೋಟುಗಳನ್ನು ಅಚ್ಚು ಹಾಕುವವರೂ ಕಾರ್ಮಿಕರೇ. ತಮ್ಮವನ ಮುಖವನ್ನು ಒಮ್ಮೆಯಾದರೂ ಅಚ್ಚು ಹಾಕುವ ಭಾಗ್ಯ ಅವರಿಗೆ ಬರಲಿ.