ಎದಿ ಒಡದು ಸತ್ತ ಅಂತಾರ, ಯಾಕ ಅಂತ ಕೇಳೂದಿಲ್ಲ



ನಮ್ಮ ಕೇರಿಯೊಳಗ ನಲವತ್ತು ದಾಟದ ಗಂಡಸು ಸತ್ತರ ಜನರ ಬಾಯಲ್ಲಿ ಬರೋದು ಎರಡೇ ಮಾತು: ‘ಎದಿ ಒಡದು ಸತ್ತ’, ಇಲ್ಲಾ ‘ಅವನ ಹಣೆಬರಹ’. ಹಣೆಬರಹವನ್ನು ನಾವು ಎಂದೋ ತಿರಸ್ಕರಿಸಿದ್ದೇವೆ. ಹಾಗಾದರೆ ಎದೆಗೆ ಏನಾಯಿತೆಂದು ಕೇಳಲೇಬೇಕು. ಕುಡಿದರೆ ಲಿವರ್ ಕೆಡುತ್ತದೆಂದು ಎಲ್ಲರಿಗೂ ಗೊತ್ತು. ಹೃದಯವೂ ಕೆಡುತ್ತದೆಂದರೆ ಹಾಸ್ಟೆಲಿನ ಓದಿದ ಹುಡುಗರೂ ನಂಬುವುದಿಲ್ಲ. ‘ಒಂದೀಟು ಬ್ರಾಂದಿ ಎದಿಗೆ ಛಲೋ’ ಅಂತ ನಮಗೇ ಬುದ್ಧಿ ಹೇಳ್ತಾರ!

ಹೃದಯವೆಂದರೆ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುವ ಸ್ನಾಯು, ರಜೆಯಿಲ್ಲದ ಕೂಲಿ. ಮದ್ಯವೂ, ಅದು ಮೈಯಲ್ಲಿ ಒಡೆದು ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವೂ ಈ ಸ್ನಾಯುವನ್ನು ತಿನ್ನುತ್ತವೆ. ವರ್ಷಗಟ್ಟಲೆ ಕುಡಿದವನ ಹೃದಯ ಹಳೇ ರಬ್ಬರ್ ಚೀಲದಂತೆ ಹಿಗ್ಗುತ್ತದೆ, ಹಿಂಡುವ ಕಸುವು ಹೋಗುತ್ತದೆ. ಮೆಟ್ಟಿಲು ಹತ್ತಿದರೆ ತೇಕು, ರಾತ್ರಿ ಅಡ್ಡಾದರೆ ಉಸಿರು ಕಟ್ಟುವುದು, ಪಾದದಲ್ಲಿ ಬಾವು. ಜರ್ಮನಿಯ ಮ್ಯೂನಿಕ್ಕಿನಲ್ಲಿ 1884ರಲ್ಲೇ ಇದನ್ನು ‘ಬಿಯರ್ ಹೃದಯ’ ಎಂದು ಕರೆದರು. ಹೊಟ್ಟೆಗೆ ಸರಿಯಾಗಿ ಉಣ್ಣದೆ ಕುಡಿಯುವವನಿಗೆ ಬಿ1 ಜೀವಸತ್ವವೂ ಕಡಿಮೆಯಾಗಿ ಎದೆ ಇನ್ನಷ್ಟು ಸೋಲುತ್ತದೆ.

ಎಷ್ಟು ಕುಡಿದರ ಹಿಂಗಾಗ್ತದ? ದಿನಕ್ಕೆ 80 ಗ್ರಾಂ ಶುದ್ಧ ಆಲ್ಕೊಹಾಲ್, 5 ವರ್ಷದ ಮೇಲೆ ಎಂಬುದು ವೈದ್ಯರ ಸ್ಥೂಲ ಲೆಕ್ಕ. 180 ಮಿಲಿಯ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಇರುತ್ತದೆ. ಅದರ ಮೇಲೆ ಒಂದು ದೊಡ್ಡ ಪೆಗ್ ಹಾಕಿದರೆ 80 ಆಯಿತು. ಪಿಯುಸಿ ಮುಗಿಸಿ ಶುರು ಮಾಡಿದವನು ಎಂ.ಎ. ಮುಗಿಸುವಷ್ಟರಲ್ಲಿ ಲೆಕ್ಕ ಚುಕ್ತಾ! ‘ಬಿಯರ್ ಅಂದ್ರ ನೀರಪಾ’ ಅನ್ನೋ ಗೆಳೆಯ ಕೇಳಲಿ: 650 ಮಿಲಿಯ ಸ್ಟ್ರಾಂಗ್ ಬಾಟಲಿಯಲ್ಲಿ 40 ಗ್ರಾಂ ಇದೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಾರಾಯಿ ಕೊಟ್ಟೆ ಹೋಗಿ ಅಗ್ಗದ ವಿಸ್ಕಿ ಪ್ಯಾಕೆಟ್ ಬಂತು. ಹೃದಯಕ್ಕೆ ಲೇಬಲ್ ಓದಲು ಬರುವುದಿಲ್ಲ. ಅಬಕಾರಿ ಇಲಾಖೆಗೆ ಸರ್ಕಾರ ವರ್ಷ ವರ್ಷ ವಸೂಲಿ ಗುರಿ ಕೊಡುತ್ತದೆ. ಆ ಗುರಿಯೊಳಗೆ ನಮ್ಮ ಅಪ್ಪಂದಿರ ದಿನಗೂಲಿಯೂ ಸೇರಿದೆ.

ಚರಂಡಿಯ ನಾತ ತಡೆಯಲಾರದೆ ಕುಡಿದು ಕೆಲಸಕ್ಕಿಳಿಯುವ ಅಣ್ಣನಿಗೆ ನೀತಿ ಹೇಳುವ ಯೋಗ್ಯತೆ ಯಾರಿಗೂ ಇಲ್ಲ. ಅವನನ್ನು ಆ ಕೆಲಸಕ್ಕೆ ಇಳಿಸಿದ ಜಾತಿಯನ್ನು ಮೊದಲು ಕೇಳಬೇಕು. ನಾನು ಕೇಳುತ್ತಿರುವುದು ಹಾಸ್ಟೆಲಿನವರನ್ನು.

‘ನಾವೇನ್ ದಿನಾ ಕುಡೀತೀವೇನ್ರಿ?’ ಅಂತೀರಿ. ಜಾತ್ರೆ, ಮದುವೆ, ಪರೀಕ್ಷೆ ಮುಗಿದ ರಾತ್ರಿ, ನಾಚಿಕೆ ಬಿಟ್ಟು ಹೇಳುತ್ತೇನೆ, ಜಯಂತಿ ಮೆರವಣಿಗೆಯ ರಾತ್ರಿ. ಒಂದೇ ರಾತ್ರಿ ವಿಪರೀತ ಕುಡಿದವರಲ್ಲಿ, ಮೊದಲು ಹೃದ್ರೋಗವಿಲ್ಲದಿದ್ದರೂ, ಹೃದಯದ ತಾಳ ತಪ್ಪುವುದನ್ನು ಅಮೆರಿಕದ ವೈದ್ಯರು 1978ರಲ್ಲಿ ‘ರಜಾದಿನದ ಹೃದಯ’ ಎಂದು ಹೆಸರಿಸಿದರು. ಮೇಲಿನ ಕೋಣೆ ಬಡಿಯುವ ಬದಲು ನಡುಗುತ್ತದೆ. ಬಹಳ ಸಲ ತಾನೇ ಸರಿಹೋಗುತ್ತದೆ. ಹೋಗದಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ.

ಬೇಗ ಬಿಟ್ಟವರ ಹೃದಯ ಎಷ್ಟೋ ಸಲ ಮತ್ತೆ ಚೇತರಿಸುತ್ತದೆ, ಹಿಗ್ಗಿದ್ದು ಕುಗ್ಗುತ್ತದೆ. ಆದರೆ ದಿನಾ ವಿಪರೀತ ಕುಡಿಯುವ ಅಪ್ಪನಿಗೋ ಕಾಕಾನಿಗೋ ‘ಇವತ್ತೇ ಬಿಡು’ ಅಂತ ಕೋಣೆಯಲ್ಲಿ ಕೂಡಿ ಹಾಕಬೇಡಿರಿ. ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಧಾರವಾಡದ ಡಿಮ್ಹಾನ್ಸಿಗೆ ಕರೆದುಕೊಂಡು ಹೋಗಿರಿ, ಜತೆಗೆ ನೀವೂ ಕೂತಿರಿ. ತೇಕು, ಕಾಲುಬಾವು ಇದ್ದರೆ ಎದೆಯ ಎಕೋ ಮಾಡಿಸಲು ಕೇಳಿರಿ.