ನಡುರಾತ್ರಿ ಓಡೋದು ಬರೀ ಶೋಕಿನಾ?

"ಬೆಂಗಳೂರಲ್ಲಿ ಬೆಳಗಿನ ಜಾವ ತಣ್ಣಗೇ ಇರತ್ತೆ. ಆರು ಗಂಟೆಗೆ ಓಡೋದು ಬಿಟ್ಟು ನಡುರಾತ್ರಿ ಯಾಕ್ರೀ ಸಾಯ್ಬೇಕು?" ವೈಟ್‌ಫೀಲ್ಡಿನ ಮಿಡ್‌ನೈಟ್ ಮ್ಯಾರಥಾನ್ ಮಾತು ಬಂದಾಗಲೆಲ್ಲ ಆಫೀಸಿನ ಊಟದ ಟೇಬಲ್ಲಿನಲ್ಲಿ ಯಾರಾದರೊಬ್ಬರು ಹೀಗೆ ಕೇಳೇ ಕೇಳ್ತಾರೆ. ಕೇಳೋರು ಸಾಮಾನ್ಯವಾಗಿ ಗಂಡಸರು ಅನ್ನೋದನ್ನ ನಾನು ಗಮನಿಸಿದ್ದೇನೆ :-)

ಪ್ರಶ್ನೆಯಲ್ಲಿ ಹುರುಳಿಲ್ಲ ಅಂತಲ್ಲ. ನಮ್ಮ ಮೈಯ ಬಿಸಿ ಸಂಜೆ ಹೊತ್ತಿಗೆ ಏರಿ, ನಸುಕಿನ ನಾಲ್ಕರ ಆಸುಪಾಸಿನಲ್ಲಿ ತೀರಾ ಇಳಿದಿರುತ್ತದೆ. ನಿದ್ದೆಗೆಟ್ಟು 42.195 ಕಿ.ಮೀ. ಓಡುವವರು ಆ ಹೊತ್ತಿನಲ್ಲೇ ಕೊನೆಯ ಸುತ್ತಿನಲ್ಲಿರುತ್ತಾರೆ. ನಾರ್ವೆಯ ಟ್ರೋಮ್ಸೋದಲ್ಲೂ ಜೂನ್‌ನಲ್ಲಿ ನಡುರಾತ್ರಿ ಮ್ಯಾರಥಾನ್ ಇದೆ, ಆದರೆ ಅಲ್ಲಿ ಆಗ ಸೂರ್ಯ ಮುಳುಗುವುದೇ ಇಲ್ಲ. ನಮ್ಮಲ್ಲಿ ನಿಜವಾದ ಕತ್ತಲೆ, ಸೋಡಿಯಂ ದೀಪ, ನಾಯಿಗಳು. ದಾಖಲೆ ಮುರಿಯಬೇಕೆನ್ನುವವರು ಬೇರೆ ಓಟ ನೋಡಿಕೊಳ್ಳಲಿ.

ಆದರೂ ನಾನು ಈ ಓಟದ ಪರ. ಕಾರಣ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೆಂಗಸರಿಗೆ ರಾತ್ರಿ ಪಾಳಿಯನ್ನು ನಿಷೇಧಿಸಿತ್ತು. ಐಟಿ ಬಂದ ಮೇಲೆ ನಮ್ಮಂಥವರಿಗೆ ವಿನಾಯಿತಿ ಸಿಕ್ಕಿತು, ಕಂಪನಿಯೇ ವಾಹನ ಕಳಿಸಬೇಕು ಎಂಬ ಷರತ್ತಿನೊಂದಿಗೆ. ಹಾಗಾಗಿ ಈ ಊರಿನ ರಾತ್ರಿ ನಮಗೆ ಪರಿಚಯವಾದದ್ದೇ ಕ್ಯಾಬಿನ ಕಿಟಕಿಯಿಂದ. ಅದೂ ಭದ್ರವಾಗಿರಲಿಲ್ಲ. 2005ರ ಡಿಸೆಂಬರ್‌ನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಹುಡುಗಿಯೊಬ್ಬಳನ್ನು ಕರೆದೊಯ್ಯಲು ಬಂದ ಚಾಲಕನೇ ಕೊಂದ. ಆಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಆದರೂ ಕೆಲಸ ಸಿಕ್ಕಿದ ದಿನ ಅಮ್ಮ ಮೊದಲು ಕೇಳಿದ್ದು ಸಂಬಳವನ್ನಲ್ಲ, "ನೈಟ್ ಶಿಫ್ಟ್ ಇಲ್ಲ ತಾನೇ?" ಅಂತ.

ಆ ಕೊಲೆಯಾಗಿ ಎರಡು ವರ್ಷ ತುಂಬುವ ಮೊದಲೇ, 2007ರಲ್ಲಿ, ಐಟಿ ಕಾರಿಡಾರಿನ ರೋಟರಿಯವರು ಮಿಡ್‌ನೈಟ್ ಮ್ಯಾರಥಾನ್ ಶುರು ಮಾಡಿದರು. ಅವರ ಮನಸ್ಸಿನಲ್ಲಿ ಆ ಘಟನೆಯಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಕೊರೋನಾಗೆ ಮುಂಚೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಾನು ಅಲ್ಲಿ ಹತ್ತು ಕಿ.ಮೀ. ಓಡಿದಾಗ ತಲೆಯಲ್ಲಿದ್ದದ್ದು ಅದೇ. ದಿನಾ ಕ್ಯಾಬಿನಲ್ಲಿ ಕೂತು ಬೈದುಕೊಂಡ ರಸ್ತೆ ಆವತ್ತು ಕಾಲಡಿ ಇತ್ತು. ನನ್ನ ಪಕ್ಕದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಸಲ್ವಾರ್ ಮೇಲೆ ಸ್ಪೋರ್ಟ್ಸ್ ಶೂ ಹಾಕಿಕೊಂಡು, ಏನೂ ಅವಸರವಿಲ್ಲದೆ, ಅರ್ಧ ಓಡುತ್ತಾ ಅರ್ಧ ನಡೆಯುತ್ತಾ ಹೋಗುತ್ತಿದ್ದರು. ಸಂಗೀತದ ಅಬ್ಬರ ಮಾತ್ರ ನನಗೆ ಹಿಡಿಸಲಿಲ್ಲ.

ನಡುರಾತ್ರಿಯನ್ನು ತೆಗೆದರೆ ಇದು ಹತ್ತರಲ್ಲಿ ಹನ್ನೊಂದನೇ ಓಟ. ಬೆಳಿಗ್ಗೆ ಓಡಲು 2008ರಿಂದ ವರ್ಲ್ಡ್ 10ಕೆ ಇದ್ದೇ ಇದೆ, ನಮ್ಮ ಹಲಸೂರು ಕೆರೆ ಪಕ್ಕವೇ ಹಾದುಹೋಗುತ್ತದೆ.

ನನ್ನ ತಕರಾರು ಬೇರೆ. ಪೊಲೀಸರು, ಬ್ಯಾರಿಕೇಡ್, ಆಂಬುಲೆನ್ಸ್ ಎಲ್ಲ ಇದ್ದಾಗ ಹೆಂಗಸರಿಗೆ ರಾತ್ರಿ ಸಿಗುತ್ತದೆ, ಬ್ಯಾರಿಕೇಡ್ ಎತ್ತಿದ ಕೂಡಲೇ ಹೋಗುತ್ತದೆ. ನಮ್ಮ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ರಾತ್ರಿ ಹತ್ತಕ್ಕೂ ನಾನು ಹಾಯಾಗಿ ನಡೆಯುತ್ತೇನೆ. ಪಾಲಿಕೆಯ ದೀಪದಿಂದಲ್ಲ, ತರಕಾರಿ ಗಾಡಿ, ಮೆಡಿಕಲ್ ಶಾಪ್, ಬೇಕರಿಯ ಬೆಳಕಿನಿಂದ. ಶಟರ್ ಎಳೆದ ಮೇಲೆ ಅದೇ ರಸ್ತೆ ಬೇರೆ ಊರು. ಬೆಳಿಗ್ಗೆ ಐದಕ್ಕೆ ಕಗ್ಗದಾಸಪುರದ ಕಡೆ ಓಡುವ ಗೆಳತಿಯ ಹಿಂದೆ ಅವಳಣ್ಣ ಸ್ಕೂಟರಿನಲ್ಲಿ ಬರುತ್ತಾನೆ, ಪಾಪ, ಆಕಳಿಸುತ್ತಾ.

ಓಟ ಆಯೋಜಿಸುವವರಿಗೆ ನನ್ನದೊಂದು ಸಲಹೆ. ಓಟದ ದಾರಿಯಲ್ಲಿ ಕೆಟ್ಟ ಬೀದಿದೀಪ, ಒಡೆದ ಫುಟ್‌ಪಾತ್ ಎಲ್ಲೆಲ್ಲಿವೆ ಎಂದು ಓಡಿದವರಿಂದಲೇ ಬರೆಸಿಕೊಂಡು ಪಾಲಿಕೆಗೆ ಕೊಡಿ. ಮೆಡಲಿನ ಜೊತೆ ಒಂದು ಪೆನ್ನು ಸಾಕು. ರಾತ್ರಿ ಎರಡು ಗಂಟೆಗೆ ಆ ರಸ್ತೆಯ ಗುಂಡಿಗಳು ನಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ ಹೇಳಿ?